ರಿಪೋರ್ಟ್ ಪೂರ್ತಿ ಹಸಿರು, ಆದರೂ ಟೈರಿನ ಹೊರ ಅಂಚು ಸವೆಯುವುದೇಕೆ?

ಓದುಗರ ಪ್ರಶ್ನೆ: ನನ್ನದು ಪೋರ್ಷೆ 718 ಕೇಮನ್. ಇರುವುದು ಬೆಂಗಳೂರಿನಲ್ಲಿ. ವರ್ಷಕ್ಕೆ ನಾಲ್ಕೈದು ಸಲ ಚೆನ್ನೈ ರೇಸ್ ಟ್ರ್ಯಾಕ್‌ಗೆ ಹೋಗುತ್ತೇನೆ. ಈ ಸಲ ಎರಡನೇ ಟ್ರ್ಯಾಕ್ ಡೇ ಮುಗಿಯುವಷ್ಟರಲ್ಲೇ ಮುಂದಿನ ಟೈರ್‌ಗಳ ಹೊರ ಅಂಚು ಬೋಳಾಗಿದೆ. ಎಡಗಡೆಯದು ಇನ್ನೂ ಜಾಸ್ತಿ. ಒಳಗಡೆ ಬಟನ್ (ಟೈರಿನ ಮೇಲ್ಮೈಯ ಅಚ್ಚು) ಹೊಸ ಟೈರಿನ ಹಾಗೇ ಇದೆ. ಅಲೈನ್‌ಮೆಂಟ್ ಮಾಡಿಸಿದೆ, ರಿಪೋರ್ಟ್‌ನಲ್ಲಿ ಎಲ್ಲ ಹಸಿರು. ಕ್ಯಾಂಬರ್ (ಚಕ್ರದ ಒಳವಾಲಿಕೆ) ಜಾಸ್ತಿ ಮಾಡಿಸು ಅಂತ ಸ್ನೇಹಿತರು ಹೇಳುತ್ತಾರೆ. ಹಾಗೆ ಮಾಡಿದರೆ ರೋಡಿನಲ್ಲಿ ಒಳ ಅಂಚು ತಿಂದು ಹೋಗುತ್ತೆ ಅಂತ ಅಂಗಡಿಯವರು ಹೇಳುತ್ತಾರೆ. ಯಾರ ಮಾತು ಕೇಳಲಿ?

ಸ್ನೇಹಿತರ ಮಾತು ಕೇಳಿ. ಆದರೆ ಅಂಗಡಿಯವರ ಹೆದರಿಕೆಯನ್ನೂ ತಳ್ಳಿಹಾಕಬೇಡಿ. ಒಳ ಅಂಚು ತಿಂದು ಹೋಗಿರುವ ಟೈರ್‌ಗಳನ್ನು ಅವರು ದಿನಾ ನೋಡುತ್ತಾರೆ. ಅವರು ತಪ್ಪುವುದು ಒಂದೇ ಕಡೆ. ಆ ಟೈರ್‌ಗಳನ್ನು ಹೆಚ್ಚಾಗಿ ತಿಂದದ್ದು ಕ್ಯಾಂಬರ್ ಅಲ್ಲ, ಟೋ, ಅಂದರೆ ಚಕ್ರದ ಮೂಗು ನೇರ ಇಲ್ಲದೆ ಪಕ್ಕಕ್ಕೆ ತಿರುಗಿರುವುದು. ಇವೆರಡನ್ನೂ ಬೇರೆ ಬೇರೆ ಮಾಡಿ ನೋಡಿದರೆ ನಿಮ್ಮ ಗೊಂದಲ ಮುಕ್ಕಾಲು ಪಾಲು ತೀರುತ್ತದೆ.

ಮೊದಲು ಆ ಹಸಿರು ಬಣ್ಣದ ವಿಷಯ. ಯಂತ್ರದಲ್ಲಿ ಹಸಿರು ಬಂತು ಅಂದರೆ ಕಂಪನಿ ಕೊಟ್ಟ ಮಿತಿಯೊಳಗೆ ಇದೆ ಅಂತ ಅಷ್ಟೇ ಅರ್ಥ. ಆ ಮಿತಿ ಇಟ್ಟಿರುವುದು ರೋಡಿಗೆ. ಮಳೆಯಲ್ಲಿ, ಹೈವೇಯಲ್ಲಿ, ಯಾರೇ ಓಡಿಸಿದರೂ ಕಾರು ಸೌಮ್ಯವಾಗಿ ನಡೆದುಕೊಳ್ಳಬೇಕು, ಟೈರ್ ಬಹಳ ದಿನ ಬಾಳಬೇಕು ಅನ್ನುವ ಲೆಕ್ಕ ಅದು. ಅದನ್ನು ಅಳೆಯುವುದು ಕೂಡ ಕಾರು ಸುಮ್ನೆ ನಿಂತಿರುವಾಗ. ನಿಮ್ಮ ಟೈರ್ ಸವೆದಿರುವುದು ಕಾರು ತಿರುವಿನಲ್ಲಿ ವಾಲಿಕೊಂಡು ಹೋಗುವಾಗ.

ಕಾರಿನ ಎದುರು ನಿಂತು ನೋಡಿ. ಚಕ್ರದ ಮೇಲ್ಭಾಗ ಒಳಗಡೆ ವಾಲಿದ್ದರೆ ಅದು ನೆಗೆಟಿವ್ ಕ್ಯಾಂಬರ್. ಕಬಡ್ಡಿಯಲ್ಲಿ ರೈಡರ್ ಬಂದಾಗ ಹಿಡಿಯುವವರು ಕಾಲು ಅಗಲಿಸಿ ನಿಲ್ಲುತ್ತಾರಲ್ಲ, ಹಾಗೆ. ಪಕ್ಕಕ್ಕೆ ತಳ್ಳಿದರೂ ಪಾದ ಪೂರ್ತಿ ನೆಲಕ್ಕೆ ಊರಿರಬೇಕು ಅನ್ನುವುದಕ್ಕೇ ಆ ನಿಲುವು. ಕಾರು ಬಲಕ್ಕೆ ತಿರುಗುವಾಗ ಬಾಡಿ ಎಡಕ್ಕೆ ವಾಲುತ್ತದೆ. ಜೊತೆಗೆ ಎಡ ಚಕ್ರದ ತಲೆಯೂ ಹೊರಗೆ ವಾಲುತ್ತದೆ.

ನಿಮ್ಮ ಕಾರಿನಲ್ಲಿ ಹಿಂದೆ ಮುಂದೆ ಎರಡೂ ಕಡೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿರುವ ಸಸ್ಪೆನ್ಷನ್. ಸ್ಪ್ರಿಂಗ್ ಕುಗ್ಗಿದಾಗ ಈ ಸ್ಟ್ರಟ್ ಚಕ್ರವನ್ನು ಸ್ವಲ್ಪ ಒಳಕ್ಕೆ ವಾಲಿಸುತ್ತದೆ, ನಿಜ. ಆದರೆ ಬಾಡಿ ವಾಲಿದಷ್ಟು ಅಲ್ಲ. ಒಂದು ಅಂದಾಜು ಹೇಳುತ್ತೇನೆ. ನಿಂತಾಗ ಅರ್ಧ ಡಿಗ್ರಿ ನೆಗೆಟಿವ್ ಇದೆ ಅಂದುಕೊಳ್ಳಿ. ಜೋರಾದ ತಿರುವಿನಲ್ಲಿ ಬಾಡಿ ಎರಡು ಮೂರು ಡಿಗ್ರಿ ವಾಲಿದರೆ ಆ ಅರ್ಧ ಡಿಗ್ರಿ ಯಾವ ಮೂಲೆಗೂ ಸಾಲುವುದಿಲ್ಲ. ಟೈರ್ ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಆ ಚಕ್ರದ ಮೇಲೆ ಬಿದ್ದ ಭಾರವನ್ನೆಲ್ಲ ಹೊತ್ತು ಪಕ್ಕಕ್ಕೆ ಉಜ್ಜಿಕೊಂಡು ಹೋಗುವುದು ಆ ಎರಡು ಬೆರಳಗಲದ ರಬ್ಬರ್. ಒಳಗಡೆ ಬಟನ್ ಹೊಸದರ ಹಾಗೆ ಇರುವುದಕ್ಕೆ ಕಾರಣವೂ ಇದೇ. ಅದಕ್ಕೆ ಕೆಲಸವೇ ಸಿಕ್ಕಿಲ್ಲ.

ಎಡಗಡೆಯದೇ ಯಾಕೆ ಜಾಸ್ತಿ? ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈನ ಆ ಟ್ರ್ಯಾಕ್ ಸುಮಾರು 3.7 ಕಿ.ಮೀ. ಉದ್ದ, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುತ್ತೇವೆ. ಹಾಗಾಗಿ ಬಲ ತಿರುವುಗಳದ್ದೇ ಮೇಲುಗೈ. ನೇರ ದಾರಿ ಮುಗಿದ ಮೇಲೆ ಬರುವ ಮೊದಲ ತಿರುವನ್ನೇ ನೆನೆಸಿಕೊಳ್ಳಿ. ಬಲಕ್ಕೆ, ಅದೂ ಒಳ್ಳೆ ವೇಗದಲ್ಲಿ. ಅಲ್ಲಿ ಪ್ರತಿ ಸುತ್ತಿಗೂ ಎಡ ಮುಂದಿನ ಟೈರ್ ಪೆಟ್ಟು ತಿನ್ನುತ್ತದೆ.

ಈಗ ಒಳ ಅಂಚಿನ ಮಾತು. ಇದಕ್ಕೆ ನಾನು ದುಡ್ಡು ಕೊಟ್ಟು ಪಾಠ ಕಲಿತಿದ್ದೇನೆ. ಕೆಲವು ವರ್ಷದ ಹಿಂದೆ, ಹಳೆಯ ಕಾರಿಗೆ ಮುಂದಿನ ಕ್ಯಾಂಬರ್ ಒಂದು ಡಿಗ್ರಿಗಿಂತ ಜಾಸ್ತಿ ಹೆಚ್ಚಿಸಿದೆ. ಮೇಲಿನ ಬೋಲ್ಟ್ ಸಡಿಲಿಸಿ, ಒಳಕ್ಕೆ ಜರುಗಿಸಿ, ಬಿಗಿ ಮಾಡಿದ್ದು ಅಷ್ಟೇ. ಟೋ ಮತ್ತೆ ಅಳೆಯಲಿಲ್ಲ. ಮಾರನೇ ದಿನ ಬೆಳಗಿನ ಜಾವ ಚೆನ್ನೈ ಕಡೆ ಹೊರಟೆ. ಹೈವೇಯಲ್ಲಿ ಸ್ಟೀರಿಂಗ್ ಆ ಕಡೆ ಈ ಕಡೆ ಚುರುಕಾಗಿ ಓಡುತ್ತಿತ್ತು. ಕ್ಯಾಂಬರ್ ಜಾಸ್ತಿಯಾದರೆ ಹೀಗೇ ಇರಬೇಕು ಅಂದುಕೊಂಡೆ. ಟ್ರ್ಯಾಕ್‌ನಲ್ಲಿ ಕಾರು ಚೆನ್ನಾಗಿಯೇ ತಿರುಗಿತು. ಮನೆಗೆ ಬಂದ ಮೇಲೆ ತೊಳೆಯುವಾಗ ಟೈರಿನ ಒಳಗಡೆ ಕೈ ಹಾಕಿದೆ. ಬೆರಳಿಗೆ ತಂತಿ ಚುಚ್ಚಿತು. ರಬ್ಬರ್ ಪೂರ್ತಿ ಹೋಗಿ ಒಳಗಿನ ಸ್ಟೀಲ್ ಬೆಲ್ಟ್ ಹೊರಗೆ ಬಂದಿತ್ತು. ಅದೇ ಟೈರಿನ ಮೇಲೆ ಹೈವೇಯಲ್ಲಿ ಮುನ್ನೂರು ಕಿ.ಮೀ. ವಾಪಸ್ ಬಂದಿದ್ದೆ. ಪಕ್ಕದ ಸೀಟಿನಲ್ಲಿ ತಮ್ಮ ನಿದ್ದೆ ಮಾಡುತ್ತಿದ್ದ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತದೆ.

ಆಮೇಲೆ ಅಳೆದಾಗ ಗೊತ್ತಾಯಿತು, ಎರಡೂ ಚಕ್ರಗಳ ಟೋ ತಲಾ ಅರ್ಧ ಡಿಗ್ರಿಯಷ್ಟು ಹೊರಗೆ ಹೋಗಿತ್ತು. ಕ್ಯಾಂಬರ್ ಮುಟ್ಟಿದರೆ ಟೋ ಬದಲಾಗುತ್ತದೆ. ಚಕ್ರದ ತಲೆ ಒಳಕ್ಕೆ ಜರುಗಿದರೂ ಸ್ಟೀರಿಂಗ್ ರಾಡಿನ ಉದ್ದ ಮೊದಲಿನಷ್ಟೇ ಇರುತ್ತದಲ್ಲ, ಅದು ಚಕ್ರವನ್ನು ಬೇರೆ ದಿಕ್ಕಿಗೆ ತಿರುಗಿಸಿಬಿಡುತ್ತದೆ.

ಟೋ ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮೂಗು ಎತ್ತ ತಿರುಗಿದೆ ಅನ್ನುವುದು. ಪಾದ ನೇರ ಇಟ್ಟು ನಡೆಯುವ ಬದಲು ಹೊರಕ್ಕೆ ತಿರುಗಿಸಿ ನಡೆದರೆ ಚಪ್ಪಲಿಯ ಅಟ್ಟೆ ಪ್ರತಿ ಹೆಜ್ಜೆಗೂ ಉಜ್ಜುತ್ತದೆ ಅಲ್ವಾ? ಲೆಕ್ಕ ಹಾಕಿ ನೋಡಿ. ಒಂದು ಚಕ್ರಕ್ಕೆ ಬರೀ 10 ಮಿನಿಟ್ ಟೋ ಇದ್ದರೆ (60 ಮಿನಿಟ್ ಅಂದರೆ ಒಂದು ಡಿಗ್ರಿ), ಕಾರು ಒಂದು ಕಿ.ಮೀ. ಹೋಗುವಷ್ಟರಲ್ಲಿ ಆ ಟೈರ್ 2.9 ಮೀಟರ್ ಪಕ್ಕಕ್ಕೆ ಎಳೆದ ಹಾಗಾಗುತ್ತದೆ. ಚೆನ್ನೈಗೆ ಹೋಗಿ ಬರುವ 600 ಕಿ.ಮೀ.ಗೆ ಒಂದೂಮುಕ್ಕಾಲು ಕಿ.ಮೀ. ನನ್ನ ಕಾರಿನಲ್ಲಿದ್ದ ಅರ್ಧ ಡಿಗ್ರಿಗೆ ಐದು ಕಿ.ಮೀ.ಗೂ ಜಾಸ್ತಿ. ರಬ್ಬರ್ ಸ್ವಲ್ಪ ಬಾಗಿ ಸುಧಾರಿಸಿಕೊಳ್ಳುತ್ತದೆ, ಆದ್ದರಿಂದ ಅಷ್ಟೂ ಉಜ್ಜಾಟವಲ್ಲ. ಆದರೂ ಎಷ್ಟು ದೊಡ್ಡ ಪೆಟ್ಟು ಅನ್ನುವುದು ಗೊತ್ತಾಗುತ್ತದೆ. ನೆಗೆಟಿವ್ ಕ್ಯಾಂಬರ್ ತೂಕವನ್ನು ಒಳ ಅಂಚಿಗೆ ಹಾಕುತ್ತದೆ, ತಪ್ಪು ಟೋ ಆ ಅಂಚನ್ನೇ ಹಿಡಿದು ಉಜ್ಜುತ್ತದೆ. ಟೋ ಸರಿ ಇದ್ದರೆ ಒಂದೂವರೆ, ಎರಡು ಡಿಗ್ರಿ ಕ್ಯಾಂಬರ್‌ನಿಂದ ಒಳ ಅಂಚು ಸವೆಯುವುದು ನಿಧಾನ.

ಟೋ ತಪ್ಪಿದೆಯಾ ಅಂತ ಅಂಗೈಯೇ ಹೇಳುತ್ತದೆ. ಬಟನ್ ಮೇಲೆ ಅಂಗೈ ಇಟ್ಟು ಹೊರಗಿನಿಂದ ಒಳಕ್ಕೆ ಸವರಿ, ಆಮೇಲೆ ಒಳಗಿನಿಂದ ಹೊರಕ್ಕೆ. ಒಂದು ಕಡೆಗೆ ನುಣುಪಾಗಿ ಹೋಗಿ ಇನ್ನೊಂದು ಕಡೆಗೆ ಗರಗಸದ ಹಲ್ಲಿನ ಹಾಗೆ ತಡೆದರೆ ಅದು ಟೋ. ಒಳಗಿನಿಂದ ಹೊರಕ್ಕೆ ಸವರುವಾಗ ತಡೆದರೆ ಟೋ ಇನ್ (ಮೂಗು ಒಳಕ್ಕೆ) ಜಾಸ್ತಿ, ಹೊರಗಿನಿಂದ ಒಳಕ್ಕೆ ಸವರುವಾಗ ತಡೆದರೆ ಟೋ ಔಟ್ (ಮೂಗು ಹೊರಕ್ಕೆ) ಜಾಸ್ತಿ. ಇದನ್ನು ರೋಡಿನಲ್ಲಿ ಒಂದಷ್ಟು ದಿನ ಓಡಿಸಿದ ಮೇಲೆ ನೋಡಿ. ಟ್ರ್ಯಾಕ್‌ನಿಂದ ಆಗ ತಾನೇ ಬಂದ ಟೈರ್ ಮೈಯೆಲ್ಲ ಒರಟಾಗಿರುತ್ತದೆ, ಏನೂ ತಿಳಿಯುವುದಿಲ್ಲ.

ಇನ್ನು ಎಷ್ಟು ಇಡಿಸಬೇಕು? ರೋಡಿನಲ್ಲೂ ಟ್ರ್ಯಾಕ್‌ನಲ್ಲೂ ಓಡುವ ನಿಮ್ಮಂಥ ಕಾರಿಗೆ, ರೋಡ್ ಟೈರ್ ಇದ್ದರೆ, ಮುಂದೆ ಒಂದೂವರೆಯಿಂದ ಎರಡು ಡಿಗ್ರಿ ನೆಗೆಟಿವ್ ಕ್ಯಾಂಬರ್, ಟೋ ಸೊನ್ನೆಗೆ ಆದಷ್ಟು ಹತ್ತಿರ. ಹಿಂದೆ ಎರಡು ಡಿಗ್ರಿಯ ಆಸುಪಾಸು, ಮತ್ತು ಪ್ರತಿ ಚಕ್ರಕ್ಕೆ 8ರಿಂದ 10 ಮಿನಿಟ್ ಟೋ ಇನ್. ಟೈರ್ ಉಳಿಸುವ ಆಸೆಗೆ ಹಿಂದಿನ ಟೋ ಇನ್ ಮಾತ್ರ ತೆಗೆಸಬೇಡಿ. ಜೋರಾಗಿ ಬ್ರೇಕ್ ಹಾಕಿದಾಗ ಹಿಂಭಾಗ ನೆಟ್ಟಗಿರುವುದು ಅದರಿಂದ. ಅದು ಸ್ವಲ್ಪ ಟೈರ್ ತಿಂದರೂ ತಿನ್ನಲಿ.

ಒಂದು ತೊಡಕಿದೆ. ನಿಮ್ಮ ಕಾರಿನ ಮುಂದಿನ ಸ್ಟ್ರಟ್ ಮೇಲ್ಗಡೆ ಬೋಲ್ಟ್‌ಗಳ ತೂತು ಉದ್ದಕ್ಕಿರುವುದರಿಂದ ಸ್ವಲ್ಪ ಜರುಗಿಸಬಹುದು. ಅದರಿಂದ ಒಂದು ಡಿಗ್ರಿಯ ಹತ್ತಿರ ಬಂದರೆ ಪುಣ್ಯ. ಅದಕ್ಕಿಂತ ಜಾಸ್ತಿ ಬೇಕಾದರೆ ಕ್ಯಾಂಬರ್ ಪ್ಲೇಟ್ (ಸ್ಟ್ರಟ್‌ನ ತಲೆಯನ್ನು ಇನ್ನಷ್ಟು ಜರುಗಿಸಲು ಬಿಡುವ ತಟ್ಟೆ) ಹಾಕಿಸಬೇಕು, ಇಲ್ಲವೇ ಕೇಮನ್‌ನ ಜಿಟಿ4 ಮಾದರಿಯಲ್ಲಿ ಬರುವಂಥ ಎರಡು ತುಂಡಿನ ಕೆಳಗಿನ ಆರ್ಮ್ ಹಾಕಿಸಬೇಕು. ಆ ಆರ್ಮ್‌ನ ನಡುವೆ ಶಿಮ್ (ತೆಳುವಾದ ಲೋಹದ ಬಿಲ್ಲೆ) ಸೇರಿಸಿದರೆ ಚಕ್ರದ ಬುಡ ಹೊರಕ್ಕೆ ಬಂದು ಕ್ಯಾಂಬರ್ ಹೆಚ್ಚುತ್ತದೆ. ವಾರಂಟಿ ಇನ್ನೂ ಇದ್ದರೆ ಮೊದಲು ಶೋರೂಮಿನವರನ್ನು ಕೇಳಿ.

ಅಲೈನ್‌ಮೆಂಟ್‌ಗೆ ಹೋಗುವ ಮುಂಚೆ ಬುಷ್, ಬಾಲ್ ಜಾಯಿಂಟ್, ರಾಡ್‌ಗಳನ್ನು ನೋಡಿಸಿ. ನಮ್ಮೂರಿನ ಹಂಪ್ ಮತ್ತು ಗುಂಡಿಗಳಲ್ಲಿ ಇವು ಸದ್ದಿಲ್ಲದೆ ಹಾಳಾಗಿರುತ್ತವೆ. ಸಡಿಲ ಬುಷ್ ಮೇಲೆ ಎಷ್ಟು ಚೆಂದದ ನಂಬರ್ ಇಟ್ಟರೂ ಬ್ರೇಕ್ ಹಾಕಿದ ಕೂಡಲೇ ಅದು ಬದಲಾಗುತ್ತದೆ. ಗಾಳಿ ಸರಿ ಮಾಡಿಕೊಂಡು, ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟು, ಡ್ರೈವರ್ ಸೀಟಿನ ಮೇಲೆ ನಿಮ್ಮ ತೂಕದಷ್ಟು ಭಾರ ಹಾಕಿಸಿ. ನಾನು 25 ಕೆ.ಜಿ.ಯ ಮೂರು ಅಕ್ಕಿ ಮೂಟೆ ಹೊತ್ತುಕೊಂಡು ಹೋಗುತ್ತೇನೆ. ಕ್ಯಾಂಬರ್ ಮೊದಲು, ಟೋ ಕೊನೆಗೆ. ಹಿಂದಿನ ಚಕ್ರ ಮುಗಿಸಿ ಮುಂದಿನದಕ್ಕೆ ಬರಬೇಕು. ಪ್ರಿಂಟ್ ತೆಗೆದುಕೊಳ್ಳುವಾಗ ಬಣ್ಣ ಬಿಡಿ, ಅಂಕಿ ಓದಿ. 0°10' ಬೇರೆ, 0.10° ಬೇರೆ. ಮೊದಲನೆಯದು 0.17 ಡಿಗ್ರಿ. ನೀವು ಕೇಳಿದ ನಂಬರ್ ಯಂತ್ರದಲ್ಲಿ ಕೆಂಪು ಬಂದರೆ ಗಾಬರಿಯಾಗಬೇಡಿ. ಬೇಕೆಂದೇ ಇಡಿಸಿದ್ದು ಅಂತ ಅಂಗಡಿಯವರಿಗೆ ಮೊದಲೇ ಸಮಾಧಾನವಾಗಿ ಹೇಳಿ, ಇಲ್ಲದಿದ್ದರೆ ಪಾಪ, ಒಳ್ಳೆಯ ಮನಸ್ಸಿನಿಂದ ಮತ್ತೆ ಹಸಿರು ಮಾಡಿಕೊಡುತ್ತಾರೆ.

ಟ್ರ್ಯಾಕ್‌ಗೆ ಹೋಗುವಾಗ ಒಂದು ಸೀಮೆಸುಣ್ಣ ಜೇಬಿಗೆ ಹಾಕಿಕೊಳ್ಳಿ. ಬಟನ್‌ನಿಂದ ಶುರು ಮಾಡಿ ಟೈರಿನ ಭುಜ ದಾಟಿ ಪಕ್ಕದ ಗೋಡೆಯವರೆಗೆ ಮೂರು ಕಡೆ ಗೀಟು ಎಳೆಯಿರಿ. ನಾಲ್ಕೈದು ಸುತ್ತು ಹೋಗಿ ಬನ್ನಿ. ಗೀಟು ಎಲ್ಲಿಯವರೆಗೆ ಅಳಿಸಿದೆಯೋ ಅಲ್ಲಿಯವರೆಗೆ ಟೈರ್ ನೆಲ ಮುಟ್ಟಿದೆ. ಭುಜದ ಮೇಲೆ ಸಣ್ಣ ತ್ರಿಕೋನದ ಗುರುತು ಇರುವ ಟೈರ್ ಆದರೆ, ಅದನ್ನು ದಾಟಿ ಅಳಿಸಿರಬಾರದು. ದಾಟಿದ್ದರೆ ಗಾಳಿ ಕಡಿಮೆ ಇದೆ, ಇಲ್ಲವೇ ಕ್ಯಾಂಬರ್ ಸಾಲುತ್ತಿಲ್ಲ. ಗಾಳಿ ಎರಡು ಪಿಎಸ್‌ಐ ಹೆಚ್ಚಿಸಿ ಮತ್ತೆ ನೋಡಿ. ಅಷ್ಟಕ್ಕೂ ಬದಲಾಗದಿದ್ದರೆ ಕ್ಯಾಂಬರ್‌ನದ್ದೇ ಕೊರತೆ.

ಚುಚ್ಚಿ ನೋಡುವ ಥರ್ಮಾಮೀಟರ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಪಿಟ್‌ಗೆ ಬಂದ ತಕ್ಷಣ ಒಳ ಅಂಚು, ನಡು, ಹೊರ ಅಂಚು ಮೂರೂ ಕಡೆ ಅಳೆಯಿರಿ. ಒಳಗಡೆ ಹೊರಗಿಗಿಂತ ಐದಾರು ಡಿಗ್ರಿ ಸೆಲ್ಸಿಯಸ್ ಬಿಸಿ ಇದ್ದರೆ ಕ್ಯಾಂಬರ್ ಸರಿ ಇದೆ. ಹೊರಗಡೆಯೇ ಬಿಸಿ ಇದ್ದರೆ ಸಾಲದು. ನಡು ಮಾತ್ರ ಬಿಸಿ ಇದ್ದರೆ ಗಾಳಿ ಜಾಸ್ತಿ.

ಗಾಳಿ ಬಗ್ಗೆ ಒಂದು ಮಾತು. ಟೈರ್ ಒಳಗಿನ ಬಿಸಿ ಆರು ಡಿಗ್ರಿ ಏರಿದರೆ ಸುಮಾರು ಒಂದು ಪಿಎಸ್‌ಐ ಹೆಚ್ಚುತ್ತದೆ. ಬೆಳಿಗ್ಗೆ 32 ಇದ್ದದ್ದು ಮಧ್ಯಾಹ್ನ 40 ಆಗುವುದು ಮಾಮೂಲಿ. ಹೆಚ್ಚಾದ ಗಾಳಿಯನ್ನು ಎಲ್ಲರೂ ಹೊರಗೆ ಬಿಟ್ಟು ಮತ್ತೆ 32ಕ್ಕೆ ತರುತ್ತಾರೆ. ಸಂಜೆ ಮನೆಗೆ ಹೊರಡುವ ಮುಂಚೆ ಮತ್ತೆ ತುಂಬಿಸುವುದನ್ನು ಮರೆಯುತ್ತಾರೆ. ಟೈರ್ ತಣ್ಣಗಾದ ಮೇಲೆ ಅದರಲ್ಲಿ 25ರ ಹತ್ತಿರ ಉಳಿದಿರುತ್ತದೆ. ಹಾಗೇ ಹೈವೇ ಹತ್ತಬೇಡಿ.

ನಿಮ್ಮ ಡ್ರೈವಿಂಗ್ ನೋಡದೆ ಇದನ್ನು ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ವೇಗ ಜಾಸ್ತಿಯಾಗಿ ಕಾರಿನ ಮೂಗು ತಿರುಗದೆ ಹೊರಗೆ ಹೋಗುವಾಗ ಕೈ ತಾನಾಗಿಯೇ ಸ್ಟೀರಿಂಗ್ ಇನ್ನಷ್ಟು ತಿರುಗಿಸುತ್ತದೆ. ಕಾರು ತಿರುಗುವುದಿಲ್ಲ, ಹೊರ ಅಂಚು ಮಾತ್ರ ಸೀಸದ ಕಡ್ಡಿಗೆ ರಬ್ಬರ್ ಉಜ್ಜಿದ ಹಾಗೆ ಉದುರುತ್ತದೆ. ಸ್ವಲ್ಪ ಮುಂಚೆ ಬ್ರೇಕ್ ಹಾಕಿ, ಮೂಗು ತಿರುಗಿದ ಮೇಲೆ ಆಕ್ಸಿಲರೇಟರ್ ಒತ್ತಿ. ಒಂದು ಸೆಷನ್ ಹೀಗೆ ಓಡಿಸಿ ಸೀಮೆಸುಣ್ಣದ ಗೀಟು ನೋಡಿದರೆ ಗೊತ್ತಾಗುತ್ತದೆ.

ಈಗಿರುವ ಟೈರ್‌ಗಳನ್ನು ಎಡ ಬಲ ಬದಲಿಸಬಹುದಾ ಅಂದರೆ, ಪಕ್ಕದಲ್ಲಿ ‘ಔಟ್‌ಸೈಡ್’ ಅಂತ ಮಾತ್ರ ಬರೆದಿದ್ದರೆ ಬದಲಿಸಬಹುದು. ಎಡದ್ದೂ ಬಲದ್ದೂ ಸಮನಾಗಿ ಸವೆಯುತ್ತವೆ. ಆದರೆ ಹೊರ ಅಂಚು ಹೊರಗೇ ಉಳಿಯುತ್ತದೆ. ತಿರುಗುವ ದಿಕ್ಕಿನ ಬಾಣದ ಗುರುತಿದ್ದರೆ ಹಾಗೇ ಬದಲಿಸುವಂತಿಲ್ಲ. ಮುಂದೆ 235, ಹಿಂದೆ 265 ಅಗಲ ಇರುವುದರಿಂದ ಹಿಂದೆ ಮುಂದೆ ಬದಲಿಸುವ ದಾರಿಯೂ ಇಲ್ಲ.

ಕ್ಯಾಂಬರ್ ಬದಲಿಸಿದ ಮೇಲೆ ಮೊದಲ ಸಾವಿರ ಕಿ.ಮೀ. ವಾರಕ್ಕೊಮ್ಮೆ ಸ್ಟೀರಿಂಗ್ ಒಂದು ಕಡೆಗೆ ಪೂರ್ತಿ ತಿರುಗಿಸಿ, ಇಳಿದು, ಮುಂದಿನ ಟೈರಿನ ಒಳ ಅಂಚನ್ನು ಟಾರ್ಚ್ ಹಾಕಿ ನೋಡಿ. ಆಳ ಅಳೆಯುವ ಗೇಜ್‌ನಿಂದ ಒಳ, ನಡು, ಹೊರ ಮೂರೂ ಬರೆದಿಡಿ. ಒಳಗಡೆಯ ಅಂಕಿ ಮಾತ್ರ ಬೇಗ ಇಳಿಯುತ್ತಿದ್ದರೆ ಕ್ಯಾಂಬರ್ ವಾಪಸ್ ತೆಗೆಸುವ ಮುಂಚೆ ಟೋ ಇನ್ನೊಮ್ಮೆ ಅಳೆಸಿ.