ಪದ ಪರಿಚಯ: ಸೀಲಿಯಾಕ್ ಸ್ಕ್ರೀನಿಂಗ್

'ಸ್ಕ್ರೀನಿಂಗ್' ಎಂಬುದಕ್ಕೆ ಪತ್ರಿಕೆಗಳಲ್ಲಿ 'ತಪಾಸಣೆ' ಎಂದು ಬರೆಯುತ್ತೇವೆ. ನನಗೆ 'ಜರಡಿ ಹಿಡಿಯುವುದು' ಎಂಬ ಮಾತು ಹೆಚ್ಚು ಹತ್ತಿರವೆನಿಸುತ್ತದೆ. ಜರಡಿಯ ಮೇಲೆ ಉಳಿದದ್ದೆಲ್ಲ ಕಲ್ಲೇ ಆಗಿರುವುದಿಲ್ಲ, ಆದರೆ ಕಣ್ಣಿಟ್ಟು ಆರಿಸಬೇಕಾದದ್ದು ಅಲ್ಲೇ ಇರುತ್ತದೆ. ಸಂಧಿವಾತದವರಲ್ಲಿ ಸೀಲಿಯಾಕ್ ಕಾಯಿಲೆಯನ್ನು ಹುಡುಕುವ ರಕ್ತಪರೀಕ್ಷೆ ಅಂಥ ಜರಡಿ.

ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನು ಇದೆ. ಕೆಲವರಲ್ಲಿ ಅದು ದೇಹದ ರಕ್ಷಣಾ ವ್ಯವಸ್ಥೆಯನ್ನು ಕೆರಳಿಸಿ, ಸಣ್ಣ ಕರುಳಿನ ಒಳಪದರವನ್ನೇ ಸವೆಸುವಂತೆ ಮಾಡುತ್ತದೆ. ಇದೇ ಸೀಲಿಯಾಕ್. ಹೆಸರು ಬಂದದ್ದು ಹೊಟ್ಟೆ ಎಂಬ ಅರ್ಥದ ಗ್ರೀಕ್ ಮಾತಿನಿಂದ. ಆ ಹೆಸರೇ ದಾರಿ ತಪ್ಪಿಸುತ್ತದೆ, ಏಕೆಂದರೆ ಎಷ್ಟೋ ಜನರಿಗೆ ಭೇದಿಯೂ ಇಲ್ಲ, ಹೊಟ್ಟೆನೋವೂ ಇಲ್ಲ. ಕೀಲುನೋವು, ದಣಿವು, ಮೂಳೆಸವೆತ, ಬಾಯಿಹುಣ್ಣು, ಕಬ್ಬಿಣದ ಮಾತ್ರೆ ನುಂಗಿದರೂ ಏರದ ಹಿಮೋಗ್ಲೋಬಿನ್ ಮಾತ್ರ ಇರುತ್ತವೆ.

ಸಂಧಿವಾತಕ್ಕೆ ಆಗಲೇ ಚಿಕಿತ್ಸೆ ಪಡೆಯುತ್ತಿರುವವರಲ್ಲಿ ಇದು ಇನ್ನೂ ಸುಲಭವಾಗಿ ಅಡಗುತ್ತದೆ. ಬಾಯಿಹುಣ್ಣಾದರೆ, ಲಿವರ್ ಪರೀಕ್ಷೆಯ ಅಂಕಿ ಏರಿದರೆ ಸಂಧಿವಾತದ ಔಷಧಿಯಾದ ಮೆಥೊಟ್ರೆಕ್ಸೇಟ್ ಕಾರಣ ಎನ್ನುತ್ತೇವೆ. ರಕ್ತ ಕಡಿಮೆಯಾದರೆ ನೋವಿನ ಮಾತ್ರೆಯ ಮೇಲೆ, ಮೂಳೆ ಸವೆದರೆ ಸ್ಟೀರಾಯ್ಡ್ ಮೇಲೆ ದೂರು. ಬಹಳಷ್ಟು ಸಲ ಆ ದೂರು ನಿಜವೇ. ಆದರೆ ಔಷಧಿ ಬದಲಿಸಿದರೂ ತೊಂದರೆ ಹೋಗದಿದ್ದಾಗ ಕರುಳಿನ ಕಡೆ ನೋಡಲೇಬೇಕು.

ಹಾಗೆಂದು ಮಂಡಿನೋವಿನ ಪ್ರತಿಯೊಬ್ಬರಿಗೂ ಈ ಪರೀಕ್ಷೆ ಬೇಕಿಲ್ಲ. ಮೇಲಿನ ಲಕ್ಷಣಗಳು ಇರುವವರಿಗೆ, ಮನೆಯಲ್ಲಿ ಯಾರಿಗಾದರೂ ಸೀಲಿಯಾಕ್ ಇದ್ದವರಿಗೆ, ಟೈಪ್ 1 ಮಧುಮೇಹವೂ ಜೊತೆಗಿದ್ದವರಿಗೆ ಮಾಡಿಸುವುದು ಒಳ್ಳೆಯದು. ಕಣ್ಣು, ಬಾಯಿ ಒಣಗಿಸುವ ಶೋಗ್ರೆನ್ ಸಿಂಡ್ರೋಮ್ ಇರುವವರಲ್ಲಿ, ಮಕ್ಕಳ ಸಂಧಿವಾತದಲ್ಲಿ ಸೀಲಿಯಾಕ್ ಉಳಿದವರಿಗಿಂತ ಹೆಚ್ಚಾಗಿ ಕಂಡುಬರುತ್ತದೆ.

ಪರೀಕ್ಷೆಯ ಹೆಸರು ಟಿಟಿಜಿ-ಐಜಿಎ. ಸೀಲಿಯಾಕ್‌ನಲ್ಲಿ ರಕ್ಷಣಾ ವ್ಯವಸ್ಥೆ ತಯಾರಿಸುವ ಪ್ರತಿಕಾಯವನ್ನು (ಆಂಟಿಬಾಡಿ) ಇದು ರಕ್ತದಲ್ಲಿ ಹುಡುಕುತ್ತದೆ; ಐಜಿಎ ಎಂಬುದು ಪ್ರತಿಕಾಯದ ಒಂದು ಬಗೆ. ಜೊತೆಗೆ ಒಟ್ಟು ಐಜಿಎ ಪ್ರಮಾಣವನ್ನೂ ನೋಡಬೇಕು. ಕೆಲವರ ದೇಹದಲ್ಲಿ ಐಜಿಎ ತಯಾರಾಗುವುದೇ ಇಲ್ಲ, ಅವರಲ್ಲಿ ಕಾಯಿಲೆ ಇದ್ದರೂ ಫಲಿತಾಂಶ ನೆಗೆಟಿವ್ ಬರುತ್ತದೆ. ಇನ್ನೊಂದೆಡೆ, ರಕ್ಷಣಾ ವ್ಯವಸ್ಥೆ ತನ್ನ ದೇಹದ ಮೇಲೆಯೇ ತಿರುಗಿಬೀಳುವ ಬೇರೆ ಆಟೋಇಮ್ಯೂನ್ ಕಾಯಿಲೆ ಇರುವವರಲ್ಲಿ ಸೀಲಿಯಾಕ್ ಇಲ್ಲದೆಯೂ ಟಿಟಿಜಿ ಸ್ವಲ್ಪ ಏರಿರಬಹುದು. ಆದ್ದರಿಂದ ಒಂದೇ ವರದಿ ಹಿಡಿದು ಹೆದರಬೇಕಿಲ್ಲ. ಸಾಮಾನ್ಯವಾಗಿ ಎಂಡೋಸ್ಕೋಪಿಯಲ್ಲಿ ಕರುಳಿನ ಚೂರು ತೆಗೆದು ಬಯಾಪ್ಸಿ ಮಾಡಿದ ಮೇಲೆಯೇ ತೀರ್ಮಾನ.

ಭಾರತದಲ್ಲಿ ಸೀಲಿಯಾಕ್ ಹೆಚ್ಚಾಗಿ ಕಾಣುವುದು ಗೋಧಿ ಉಣ್ಣುವ ಉತ್ತರದಲ್ಲಿ, ದಕ್ಷಿಣದಲ್ಲಿ ಬಹಳ ಕಡಿಮೆ. ಆದರೆ ಸ್ಟೀರಾಯ್ಡ್‌ನಿಂದ ಸಕ್ಕರೆ ಏರಿತೆಂದು ರಾತ್ರಿ ಅನ್ನ ಬಿಟ್ಟು ಚಪಾತಿಗೆ ತಿರುಗಿದವರು ನಮ್ಮಲ್ಲೂ ಮನೆಮನೆಯಲ್ಲಿ ಇದ್ದಾರೆ. ಅನುಮಾನ ಬಂದ ಕೂಡಲೇ ಅವರು ಮಾಡುವ ತಪ್ಪು ಒಂದಿದೆ: ಪರೀಕ್ಷೆಗೆ ಮುಂಚೆಯೇ ಗೋಧಿ ಬಿಡುವುದು. ಗ್ಲುಟೆನ್ ನಿಂತರೆ ಪ್ರತಿಕಾಯಗಳು ಇಳಿಯುತ್ತವೆ, ಕರುಳಿನ ಗಾಯ ಮಾಗತೊಡಗುತ್ತದೆ, ಕಾಯಿಲೆ ಜರಡಿಯಿಂದ ಜಾರಿಹೋಗುತ್ತದೆ. ರಕ್ತಪರೀಕ್ಷೆ, ಬಯಾಪ್ಸಿ ಎರಡೂ ಮುಗಿಯುವ ತನಕ ಚಪಾತಿ ತಟ್ಟೆಯಲ್ಲಿರಲಿ.

ಕಾಯಿಲೆ ಖಚಿತವಾದರೆ ಮಾತ್ರ ಗೋಧಿ, ಬಾರ್ಲಿ, ರೈ ಮೂರನ್ನೂ ಜೀವನಪೂರ್ತಿ ಬಿಡಬೇಕು. ರಾಗಿ, ಜೋಳ, ನವಣೆ, ಅಕ್ಕಿಯಲ್ಲಿ ಈ ಗ್ಲುಟೆನ್ ಇಲ್ಲ. ಉಪ್ಪಿಟ್ಟಿನ ರವೆ, ಶಾವಿಗೆ ಸಾಮಾನ್ಯವಾಗಿ ಗೋಧಿಯವೇ ಎಂಬುದು ನೆನಪಿರಲಿ. ಸಾರಿನ ಒಗ್ಗರಣೆಗೆ ಬಳಸುವ ಇಂಗಿನ ಡಬ್ಬಿಯನ್ನೂ ತಿರುಗಿಸಿ ಓದಿ, ಅಂಗಡಿಯ ಇಂಗಿಗೆ ಮೈದಾ ಬೆರೆಸಿರುವುದು ಸಾಮಾನ್ಯ.