ಕೋಡೇ ಇಲ್ಲದ ಇಂಟರ್‌ಫೇಸ್‌ನಿಂದ ಏನು ಉಪಯೋಗ?

ಪ್ರಶ್ನೆ: ನಾನು ಜಾವಾ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ. ಇಂಟರ್‌ಫೇಸ್‌ನಲ್ಲಿ ಮೆಥಡ್‌ಗಳ ಹೆಸರಷ್ಟೇ ಇರುತ್ತದೆ, ಕೋಡನ್ನೆಲ್ಲ ಕ್ಲಾಸಿನಲ್ಲಿ ನಾನೇ ಬರೆಯಬೇಕು. ಹಾಗಿದ್ದ ಮೇಲೆ ಇಂಟರ್‌ಫೇಸ್ ಏಕೆ? ನೇರವಾಗಿ ಕ್ಲಾಸಿನಲ್ಲೇ ಬರೆದರೆ ಸಾಲದೇ?

ಉತ್ತರ: ಕ್ಲಾಸ್ ಬರೆಯುವವರ ಕಡೆಯಿಂದ ನೋಡಿದರೆ ಇಂಟರ್‌ಫೇಸ್ ಹೆಚ್ಚುವರಿ ಕೆಲಸದಂತೆಯೇ ಕಾಣುತ್ತದೆ. ಅದರ ಉಪಯೋಗ ತಿಳಿಯಬೇಕಾದರೆ ಅದರ ಮೆಥಡ್‌ಗಳನ್ನು ಕರೆಯುವ, ಅಂದರೆ ಬಳಸುವ, ಕೋಡಿನ ಕಡೆಯಿಂದ ನೋಡಬೇಕು.

ನೀವು 'ವಿದ್ಯಾರ್ಥಿ' ಎಂಬ ಕ್ಲಾಸ್ ಬರೆದು, ಅದರಲ್ಲಿ ಹೆಸರು ಮತ್ತು ಅಂಕಗಳನ್ನು ಇಟ್ಟಿದ್ದೀರಿ ಎನ್ನೋಣ. ವಿದ್ಯಾರ್ಥಿಗಳ ಪಟ್ಟಿಯನ್ನು ಅಂಕಗಳ ಕ್ರಮದಲ್ಲಿ ಜೋಡಿಸಬೇಕು. ಜೋಡಿಸುವ 'ಸಾರ್ಟ್' ಮೆಥಡ್ 1998ರಲ್ಲಿ ಬಂದ ಜಾವಾ 1.2ರಿಂದಲೂ ಇದೆ, ಅದನ್ನು ಬರೆದವರಿಗೆ ನಿಮ್ಮ ಕ್ಲಾಸಿನ ಸುಳಿವೇ ಇರಲಿಲ್ಲ. ಆದರೂ ಅದು ನಿಮ್ಮ ಪಟ್ಟಿಯನ್ನು ಜೋಡಿಸಬಲ್ಲದು, ಏಕೆಂದರೆ ಅದು ಕೇಳುವುದು 'ಕಂಪೇರೆಬಲ್' ಎಂಬ ಇಂಟರ್‌ಫೇಸನ್ನು ಮಾತ್ರ. ಅದರಲ್ಲಿರುವುದು 'ಕಂಪೇರ್‌ಟು' ಎಂಬ ಒಂದೇ ಮೆಥಡ್: ತಾನು ಎದುರಿನದಕ್ಕಿಂತ ಚಿಕ್ಕದಾದರೆ ಋಣ ಸಂಖ್ಯೆ, ಸಮವಾದರೆ ಸೊನ್ನೆ, ದೊಡ್ಡದಾದರೆ ಧನ ಸಂಖ್ಯೆಯನ್ನು ಅದು ಹಿಂತಿರುಗಿಸಬೇಕು. ಅದೇ ಹೆಸರಿನ ಮೆಥಡನ್ನು ಬರೆದು, ಕ್ಲಾಸಿನ ಮೊದಲ ಸಾಲಿನಲ್ಲಿ ಕಂಪೇರೆಬಲ್ ಎಂದು ಘೋಷಿಸದೆ ಬಿಟ್ಟರೆ ಜಾವಾ ಕಂಪೈಲರ್ (ಕೋಡನ್ನು ಓಡಿಸುವ ಮೊದಲು ಪರೀಕ್ಷಿಸಿ ಪರಿವರ್ತಿಸುವ ತಂತ್ರಾಂಶ) ಆ ಪಟ್ಟಿಯನ್ನು ಒಪ್ಪುವುದಿಲ್ಲ; ನಿಮ್ಮ ಪ್ರಶ್ನೆಯ ಕೊನೆಯ ಭಾಗಕ್ಕೆ ಇದೇ ಉತ್ತರ. (ಗೋ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇಂಥ ಘೋಷಣೆ ಬೇಕಿಲ್ಲ, ಮೆಥಡ್‌ಗಳು ಹೊಂದಿಕೊಂಡರೆ ಸಾಕು.) ಅಂದ ಹಾಗೆ, 2014ರ ಜಾವಾ 8ರಿಂದ ಈಚೆಗೆ ಇಂಟರ್‌ಫೇಸ್‌ನೊಳಗೂ ಡಿಫಾಲ್ಟ್ ಮೆಥಡ್‌ಗಳ ರೂಪದಲ್ಲಿ ಕೋಡ್ ಇರಬಹುದು.

ಆದರೆ ಕಂಪೈಲರ್ ಪರೀಕ್ಷಿಸುವುದು ಮೆಥಡ್‌ನ ಹೆಸರು ಮತ್ತು ಟೈಪ್‌ಗಳನ್ನು ಮಾತ್ರ, ಕಂಪೇರೆಬಲ್ ಎಂದು ಘೋಷಿಸಿ ನೀವು ಕೊಟ್ಟ ಮಾತಿನ ಅರ್ಥವನ್ನಲ್ಲ. ಕಲಿಯುವವರು ಇಲ್ಲಿ ಎಡವುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅಂಕ ಹೆಚ್ಚಿದ್ದರೆ 1, ಇಲ್ಲದಿದ್ದರೆ -1 ಎಂದು ಬರೆದು, ಸೊನ್ನೆಯನ್ನು ಮರೆತುಬಿಡುತ್ತಾರೆ. ಆಗ 82 ಅಂಕ ಪಡೆದ ಇಬ್ಬರಲ್ಲಿ ಮೊದಲನೆಯವರನ್ನು ಕೇಳಿದರೂ ಎರಡನೆಯವರನ್ನು ಕೇಳಿದರೂ 'ನಾನೇ ಚಿಕ್ಕವನು' ಎಂಬ ಉತ್ತರವೇ ಬರುತ್ತದೆ. ಕಂಪೈಲರ್ ಇದಕ್ಕೆ ಚಕಾರವೆತ್ತುವುದಿಲ್ಲ. 2011ರ ಜಾವಾ 7ರಲ್ಲಿ ಟಿಮ್‌ಸಾರ್ಟ್ ಎಂಬ ಹೊಸ ಜೋಡಣೆಯ ವಿಧಾನ ಬಂದ ಮೇಲೆ, ಅಲ್ಲಿಯವರೆಗೆ ಸದ್ದಿಲ್ಲದೆ ಓಡುತ್ತಿದ್ದ ಇಂಥ ಕೋಡ್ ದೊಡ್ಡ ಪಟ್ಟಿಗಳಲ್ಲಿ ಕೆಲವೊಮ್ಮೆ, ಹೋಲಿಕೆಯ ಒಪ್ಪಂದ ಮುರಿದಿದೆ ಎಂಬ ಎಕ್ಸೆಪ್ಶನ್ (ಓಡುವಾಗ ಬರುವ ದೋಷದ ಸೂಚನೆ) ಎಸೆದು ನಿಲ್ಲತೊಡಗಿತು. ಆದ್ದರಿಂದ ಕಂಪೇರ್‌ಟು ಬರೆಯುವ ಮೊದಲು ಅದರ ದಾಖಲೆಯಲ್ಲಿರುವ ನಿಯಮಗಳನ್ನು ಒಮ್ಮೆ ಪೂರ್ತಿ ಓದಿ. ಅಂಕಗಳ ಹೋಲಿಕೆಯನ್ನಂತೂ 'ಇಂಟಿಜರ್' ಕ್ಲಾಸಿನ 'ಕಂಪೇರ್' ಮೆಥಡ್‌ಗೇ ಒಪ್ಪಿಸಿಬಿಡಿ. ಸೊನ್ನೆಯ ಸಂದರ್ಭವನ್ನೂ ಅದೇ ನೋಡಿಕೊಳ್ಳುತ್ತದೆ.