ತೂಕ ಹೊರುವುದು ಸ್ಪ್ರಿಂಗ್, ಆಯಿಲ್ ಅಲ್ಲ

"ಮುಂದಿನ ಶಾಕ್ ತುಂಬಾ ಮೆತ್ತಗಿದೆ, ದಪ್ಪ ಆಯಿಲ್ ಹಾಕಿಕೊಡಿ." ಗ್ಯಾರೇಜಿಗೆ ಬರುವ ಭಾರಿ ಮೈಕಟ್ಟಿನ ಸವಾರರು ಕೇಳುವುದೇ ಇದನ್ನ. ಆಯಿಲ್‌ಗೆ ಖರ್ಚು ಕಡಿಮೆ, ಸ್ಪ್ರಿಂಗ್‌ಗೆ ಜಾಸ್ತಿ, ಆಸೆಯಾಗುವುದು ಸಹಜವೇ. ಆದರೆ ನಿಮ್ಮ ತೂಕ ಹೊರುವುದು ಸ್ಪ್ರಿಂಗ್. ಅದು ಕುಗ್ಗುವ, ಹಿಗ್ಗುವ ವೇಗವನ್ನು ಅಂಕೆಯಲ್ಲಿಡುವುದು ಮಾತ್ರ ಆಯಿಲ್ ಕೆಲಸ. ನಿಂತ ಬೈಕ್ ಮೇಲೆ ಸುಮ್ನೆ ಕೂತರೆ, ಒಳಗೆ ತೆಳುವಾದ 5ಡಬ್ಲ್ಯೂ ಆಯಿಲ್ ಇರಲಿ ದಪ್ಪನೆಯ 20ಡಬ್ಲ್ಯೂ ಇರಲಿ, ಫೋರ್ಕ್ (ಮುಂದಿನ ಶಾಕ್) ಕೊನೆಗೆ ಅಷ್ಟೇ ಇಳಿಯುತ್ತದೆ.

ಈ ಇಳಿತಕ್ಕೆ ನಾವು ಸ್ಯಾಗ್ ಅನ್ನುತ್ತೇವೆ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಆಕ್ಸಲ್‌ನಿಂದ ಟ್ರಿಪಲ್ ಕ್ಲ್ಯಾಂಪ್ (ಹ್ಯಾಂಡಲ್ ಬಳಿ ಫೋರ್ಕ್ ಕೊಳವೆಗಳನ್ನು ಹಿಡಿದಿರುವ ಕಟ್ಟು) ತನಕ ಟೇಪ್ ಹಿಡಿದು ಅಳೆಯಿರಿ. ಬೈಕ್ ಒಂದೇ ನಿಂತಾಗ ಇನ್ನೊಮ್ಮೆ ಅಳೆಯಿರಿ. ಆಮೇಲೆ ಹೆಲ್ಮೆಟ್, ಜಾಕೆಟ್, ಬೂಟು ಸಮೇತ ನೀವು ಕೂತಾಗ ಮತ್ತೊಮ್ಮೆ. ಮೊದಲ ಅಳತೆಯಿಂದ ಕೊನೆಯದನ್ನು ಕಳೆದರೆ ಬರುವುದು ನಿಮ್ಮ ಸ್ಯಾಗ್. ರಸ್ತೆ ಬೈಕ್‌ಗೆ 30ರಿಂದ 40 ಮಿ.ಮೀ. ಸಾಕು. ಹಿಮಾಲಯನ್ 411ರಂತೆ ಮುಂದೆ 200 ಮಿ.ಮೀ. ಟ್ರಾವೆಲ್ (ಫೋರ್ಕ್ ಪೂರ್ತಿ ಕುಗ್ಗಬಲ್ಲ ದೂರ) ಇರುವ ಬೈಕ್‌ಗೆ 50ರಿಂದ 65 ಇರಬಹುದು.

ಒಂದು ಲೆಕ್ಕ ನೋಡಿ. ಒಂದೊಂದು ಸ್ಪ್ರಿಂಗ್ 1 ಮಿ.ಮೀ. ಕುಗ್ಗಲು ಅರ್ಧ ಕೆ.ಜಿ. ಬೇಕು ಅಂದುಕೊಳ್ಳಿ. ಜೋಡಿಗೆ 1 ಕೆ.ಜಿ. ಆಯಿತು. ನೀವು 20 ಕೆ.ಜಿ. ಜಾಸ್ತಿ ತೂಗಿದರೆ, ಅದರಲ್ಲಿ ಅರ್ಧದಷ್ಟು ಮುಂದಕ್ಕೆ ಬಿದ್ದರೂ ಫೋರ್ಕ್ 10 ಮಿ.ಮೀ. ಹೆಚ್ಚು ಇಳಿಯುತ್ತದೆ. ಹಿಂದೆ ಇನ್ನೊಬ್ಬರು ಕೂತರೆ ಆ ಭಾರ ಬಹುಪಾಲು ಹಿಂದಿನ ಶಾಕ್ ಮೇಲೆಯೇ. ಡಬಲ್ಸ್ ಓಡಾಡುವವರು ಮೊದಲು ಅಲ್ಲಿ ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒಂದಿಷ್ಟು ಒತ್ತಿಡುವುದು) ಏರಿಸಿ, ಆಮೇಲೆ ಮುಂದಿನದರ ಮಾತು.

ಫೋರ್ಕ್ ಒಳಗೆ ಸ್ಪ್ರಿಂಗ್ ಮೇಲೆ ಪೈಪ್ ತುಂಡು ಇಟ್ಟು ಪ್ರೀಲೋಡ್ ಏರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಬೈಕ್ ಎತ್ತರ ನಿಲ್ಲುತ್ತದೆ ಅಷ್ಟೇ. ಹೀಗೆ ನಿಮ್ಮ ಸ್ಯಾಗ್ ಸರಿಯಾಯಿತು, ಆದರೆ ಬೈಕ್ ಒಂದೇ ನಿಂತಾಗ ಚೂರೂ ಇಳಿಯುತ್ತಿಲ್ಲ ಅನ್ನಿ. ಆಗ ಸ್ಪ್ರಿಂಗ್ ಗಟ್ಟಿಯಿದೆ ಅಂತ ಅನ್ನಿಸುತ್ತದೆ, ಅಲ್ವಾ? ನಿಜಕ್ಕೂ ಅದು ನಿಮಗೆ ಮೆತ್ತಗಾಗಿದೆ, ಅದಕ್ಕೇ ಅಷ್ಟೊಂದು ಪ್ರೀಲೋಡ್ ಬೇಕಾಯಿತು. ಬದಲಾಯಿಸಲೇಬೇಕು. ಹಗುರ ಸವಾರರಿಗೆ ಇದೇ ಮಾತು ಉಲ್ಟಾ.

ಮೆತ್ತನೆ ಸ್ಪ್ರಿಂಗ್ ಜೊತೆ ದಪ್ಪ ಆಯಿಲ್ ಸೇರಿದರೆ ಏನಾಗುತ್ತದೆ? ಸಾದಾ ಫೋರ್ಕ್‌ನಲ್ಲಿ ಆಯಿಲ್ ಹರಿಯುವುದು ಸಣ್ಣ ತೂತುಗಳ ಮೂಲಕ. ಚೂಪಾದ ಹಂಪ್ ಸಿಕ್ಕಾಗ ಅಷ್ಟು ಬೇಗ ನುಗ್ಗಲಾರದೆ ಏಟು ನೇರ ಕೈಗೆ ಬರುತ್ತದೆ. ಸಾಲು ಸಾಲು ಉಬ್ಬುಗಳಲ್ಲಿ ಇನ್ನೂ ಕಷ್ಟ. ಫೋರ್ಕ್ ಪೂರ್ತಿ ವಾಪಸ್ ಬರುವ ಮೊದಲೇ ಮುಂದಿನ ಉಬ್ಬು ಹೊಡೆಯುತ್ತದೆ, ಮುಂಭಾಗ ಕುಸಿಯುತ್ತಾ ಹೋಗುತ್ತದೆ. ಸ್ಪ್ರಿಂಗ್ ಬದಲಾದ ಮೇಲೆ ಕಥೆ ಬೇರೆ. ಗಟ್ಟಿ ಸ್ಪ್ರಿಂಗ್ ಜೋರಾಗಿ ಹಿಮ್ಮೆಟ್ಟುವುದರಿಂದ 10ಡಬ್ಲ್ಯೂ ಇದ್ದಲ್ಲಿ 15ಡಬ್ಲ್ಯೂ ಬೇಕಾಗಬಹುದು. ಕಾರ್ಟ್ರಿಡ್ಜ್ ಫೋರ್ಕ್ (ಬರೀ ತೂತುಗಳ ಬದಲು ಒಳಗೆ ವಾಲ್ವ್ ಇರುವ ಬಗೆ) ಇರುವವರು ಈ ಆಟಕ್ಕೆ ಇಳಿಯಬೇಡಿ, ಕಂಪನಿ ಹೇಳಿದ ತೆಳು ಆಯಿಲ್ಲೇ ಇರಲಿ.

ಡಬ್ಬಿ ಮೇಲಿನ ಡಬ್ಲ್ಯೂ ಸಂಖ್ಯೆಯನ್ನೂ ಪೂರ್ತಿ ನಂಬಬೇಡಿ. ಒಂದು ಬ್ರ್ಯಾಂಡ್‌ನ 10ಡಬ್ಲ್ಯೂ ಇನ್ನೊಂದರದ್ದಕ್ಕಿಂತ ತೆಳುವಾಗಿರಬಹುದು. 40 ಡಿಗ್ರಿಯಲ್ಲಿ ಎಷ್ಟು ಸೆಂಟಿಸ್ಟೋಕ್ಸ್ (ಆಯಿಲ್ ಎಷ್ಟು ದಪ್ಪ ಅನ್ನುವ ಅಳತೆ) ಅಂತ ನೋಡಿ ಹೋಲಿಸಿ. ಉಳಿದ ಎಂಜಿನ್ ಆಯಿಲ್ ಸುರಿಯುವ ಚಾಳಿಯಂತೂ ಬೇಡ.

ಕೊನೆಗೆ ಆಯಿಲ್ ಮಟ್ಟ. ಸ್ಪ್ರಿಂಗ್ ತೆಗೆದು, ಫೋರ್ಕ್ ಪೂರ್ತಿ ಒತ್ತಿ, ಟ್ಯೂಬ್ ಬಾಯಿಯಿಂದ ಅಳೆಯಿರಿ. ಎರಡೂ ಕಡೆ ಒಂದೇ ಇರಬೇಕು. ಜೋರಾಗಿ ಬ್ರೇಕ್ ಹಿಡಿದಾಗ ಫೋರ್ಕ್ ಪೂರ್ತಿ ಕುಗ್ಗಿ ಇನ್ನೂ ತಳ ಹೊಡೆಯುತ್ತಿದ್ದರೆ ಆಯಿಲ್ ಮಟ್ಟ 5 ಮಿ.ಮೀ. ಏರಿಸಿ ಓಡಿಸಿ ನೋಡಿ. ಒಮ್ಮೆಲೇ ತುಂಬಿದರೆ ಮೇಲೆ ಗಾಳಿಗೆ ಜಾಗ ಉಳಿಯುವುದಿಲ್ಲ. ಸೀಲ್ ಕಿತ್ತು ಆಯಿಲ್ ಬ್ರೇಕ್ ಡಿಸ್ಕ್ ತನಕ ಇಳಿಯಬಹುದು.